ಎರಡು ನೊಬೆಲ್ ಗೆದ್ದ ವಿಜ್ಞಾನಿ ಮತ್ತು ದಿನಕ್ಕೊಂದು ವಿಟಮಿನ್ ಮಾತ್ರೆ: ಲೈನಸ್ ಪೌಲಿಂಗ್ ಎಡವಿದ್ದು ಎಲ್ಲಿ?

ಮಳೆಗಾಲ ಶುರುವಾಗಿ ಮನೆಯಲ್ಲಿ ಒಬ್ಬರು ಸೀನಿದರೆ ಸಾಕು, ಕುಟುಂಬದ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂದೇ ಬರುತ್ತದೆ. ದಿನಾ ವಿಟಮಿನ್ ಸಿ ಮಾತ್ರೆ ಚೀಪಿದರೆ ನೆಗಡಿ ಹತ್ತಿರ ಸುಳಿಯುವುದಿಲ್ಲ, ಡೋಸ್ ಹೆಚ್ಚಿಸಿದರೆ ಕ್ಯಾನ್ಸರ್ ಕೂಡ ದೂರ, ಇದನ್ನು ಹೇಳಿದ್ದು ಎರಡು ನೊಬೆಲ್ ಪ್ರಶಸ್ತಿ ಗೆದ್ದ ವಿಜ್ಞಾನಿ, ಹಾಗಾಗಿ ಎಲ್ಲರಿಗೂ ಕಳಿಸಿ ಎಂಬುದು ಅದರ ಸಾರಾಂಶ. 2020ರಲ್ಲಿ ಕೊರೊನಾ ಬಂದಾಗ ಇಂಥ ಸಂದೇಶಗಳು ಇನ್ನಷ್ಟು ಓಡಾಡಿದವು, ಮೆಡಿಕಲ್ ಅಂಗಡಿಗಳಲ್ಲಿ ವಿಟಮಿನ್ ಸಿ ಮಾತ್ರೆ ಸಿಗುವುದೇ ಕಷ್ಟವಾಯಿತು.

ಈ ಸಂದೇಶದಲ್ಲಿ ಅರ್ಧ ನಿಜವಿದೆ. ಆ ವಿಜ್ಞಾನಿ ಇದ್ದದ್ದು ನಿಜ, ಎರಡು ನೊಬೆಲ್ ಪಡೆದದ್ದು ನಿಜ, ಈ ಮಾತು ಹೇಳಿದ್ದೂ ನಿಜ. ಆದರೆ ಅವರು ಹೇಳಿದ್ದು ಪರೀಕ್ಷೆಯಲ್ಲಿ ನಿಂತಿತೇ ಎಂಬುದನ್ನು ಮಾತ್ರ ಸಂದೇಶ ಹೇಳುವುದಿಲ್ಲ. ಅದನ್ನು ತಿಳಿಯಲು ನಾವು ಆ ವಿಜ್ಞಾನಿಯ ಬದುಕನ್ನೇ ಒಮ್ಮೆ ನೋಡೋಣ. ಅವರ ಹೆಸರು ಲೈನಸ್ ಪೌಲಿಂಗ್.

ಔಷಧಿ ಅಂಗಡಿಯವರ ಮಗ

ಪೌಲಿಂಗ್ ಹುಟ್ಟಿದ್ದು 1901ರ ಫೆಬ್ರವರಿ 28ರಂದು, ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿ. ತಂದೆ ಹರ್ಮನ್ ಔಷಧಿ ಅಂಗಡಿ ಇಟ್ಟಿದ್ದರು. ಹುಡುಗನಿಗೆ 9 ವರ್ಷವಾಗಿದ್ದಾಗ, 1910ರಲ್ಲಿ, ಹೊಟ್ಟೆಯ ಹುಣ್ಣು ಒಡೆದು ತಂದೆ ತೀರಿಕೊಂಡರು. ತಾಯಿ ಬೆಲ್ ಮೂವರು ಮಕ್ಕಳನ್ನು ಸಾಕಲು ಮನೆಯಲ್ಲೇ ಬಾಡಿಗೆದಾರರನ್ನು ಇಟ್ಟುಕೊಂಡು ಊಟ ಹಾಕುವ ವಸತಿಗೃಹ ನಡೆಸಿದರು.

ಹದಿಮೂರರ ಆಸುಪಾಸಿನಲ್ಲಿ ಗೆಳೆಯನೊಬ್ಬ ಸಕ್ಕರೆಗೆ ರಾಸಾಯನಿಕ ಬೆರೆಸಿ, ಆಮ್ಲ ಹನಿಸಿ ಹೊತ್ತಿ ಉರಿಸಿ ತೋರಿಸಿದ್ದನ್ನು ನೋಡಿ ಪೌಲಿಂಗ್‌ಗೆ ರಸಾಯನಶಾಸ್ತ್ರದ ಹುಚ್ಚು ಹಿಡಿಯಿತು. 16ನೇ ವಯಸ್ಸಿಗೆ ಒರೆಗಾನ್ ಕೃಷಿ ಕಾಲೇಜು ಸೇರಿದರು. ಮನೆಯ ಕಷ್ಟದಿಂದಾಗಿ ಓದಿನ ನಡುವೆ ಕೆಲಸ ಮಾಡಬೇಕಾಯಿತು. ಆದರೆ ಬುದ್ಧಿ ಎಷ್ಟು ಚುರುಕಾಗಿತ್ತೆಂದರೆ, ಕಾಲೇಜು ವಿದ್ಯಾರ್ಥಿಯಾಗಿದ್ದಾಗಲೇ ಅದೇ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸವೂ ಸಿಕ್ಕಿತು. 1922ರಲ್ಲಿ ಹಾಗೆ ಪಾಠ ಮಾಡುತ್ತಿದ್ದ ತರಗತಿಯಲ್ಲೇ ಏವಾ ಹೆಲೆನ್ ಮಿಲ್ಲರ್ ಎಂಬ ವಿದ್ಯಾರ್ಥಿನಿಯ ಪರಿಚಯವಾಯಿತು. ಮರುವರ್ಷ ಇಬ್ಬರೂ ಮದುವೆಯಾದರು.

1925ರಲ್ಲಿ ಕ್ಯಾಲ್‌ಟೆಕ್ ಸಂಸ್ಥೆಯಿಂದ ಡಾಕ್ಟರೇಟ್ ಸಿಕ್ಕಿತು. ಮರುವರ್ಷ ಫೆಲೋಶಿಪ್ ಪಡೆದು ಗಂಡ ಹೆಂಡತಿ ಯುರೋಪಿಗೆ ಹೋದರು. ಅವರು ಅಲ್ಲಿದ್ದಾಗಲೇ, 1926ರಲ್ಲಿ, ಊರಿನಲ್ಲಿ ತಾಯಿ ಬೆಲ್ ತೀರಿಕೊಂಡರು.

ತಾಯಿಯನ್ನು ಕೊಂದ ಕಾಯಿಲೆ

ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಬೆಲ್ ಅವರಿಗಿದ್ದದ್ದು ಪರ್ನೀಶಿಯಸ್ ಅನೀಮಿಯಾ ಎಂಬ ರಕ್ತಹೀನತೆ. ಈ ಕಾಯಿಲೆ ಇರುವವರ ಜಠರದಲ್ಲಿ ವಿಟಮಿನ್ ಬಿ12 ಅನ್ನು ದೇಹ ಹೀರಿಕೊಳ್ಳಲು ಬೇಕಾದ ಒಂದು ಪ್ರೋಟೀನ್ ತಯಾರಾಗುವುದಿಲ್ಲ. ಎಷ್ಟು ಒಳ್ಳೆಯ ಊಟ ಮಾಡಿದರೂ ಬಿ12 ಮೈಗೆ ಸೇರುವುದಿಲ್ಲ. ಸುಸ್ತು ಹೆಚ್ಚುತ್ತದೆ, ನರಗಳು ದುರ್ಬಲವಾಗುತ್ತವೆ, ಮನಸ್ಸಿನ ಸ್ಥಿಮಿತವೂ ತಪ್ಪಬಹುದು. ಬೆಲ್ ಕೊನೆಯ ದಿನಗಳನ್ನು ಕಳೆದದ್ದು ಮಾನಸಿಕ ಆಸ್ಪತ್ರೆಯಲ್ಲಿ.

ಅದೇ 1926ರಲ್ಲಿ ಬಾಸ್ಟನ್‌ನ ವೈದ್ಯರಾದ ಮೈನಟ್ ಮತ್ತು ಮರ್ಫಿ, ಇಂಥ ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿದರೆ ಗುಣವಾಗುತ್ತಾರೆ ಎಂದು ಪ್ರಕಟಿಸಿದರು. ಲಿವರ್‌ನಲ್ಲಿದ್ದ ಆ ವಸ್ತು ಬಿ12 ಎಂದು ಗೊತ್ತಾಗಿ, ಅದನ್ನು ಬೇರ್ಪಡಿಸಿದ್ದು 1948ರಲ್ಲಿ. ಇಂದಾದರೆ ಕೆಲವು ಇಂಜೆಕ್ಷನ್‌ಗಳಿಂದ ಹತೋಟಿಗೆ ಬರುವ ಕಾಯಿಲೆ ಅದು.

ಅಂದರೆ, ವಿಟಮಿನ್ ಕೊರತೆ ಒಂದು ಜೀವವನ್ನೇ ತೆಗೆಯಬಲ್ಲದು. ಸರಿಯಾದ ವಿಟಮಿನ್ ಸರಿಯಾದ ಸಮಯಕ್ಕೆ ಸಿಕ್ಕರೆ ಆ ಜೀವ ಉಳಿಯಬಲ್ಲದು. ಇದರಲ್ಲಿ ಯಾವ ಅನುಮಾನವೂ ಇಲ್ಲ. ಮುಂದಿನ ಕಥೆ ಓದುವಾಗ ಇದನ್ನು ನೆನಪಿಟ್ಟುಕೊಳ್ಳಿ.

ಶಿಖರದ ಮೇಲೆ

ಯುರೋಪಿನಿಂದ ಮರಳಿದ ಪೌಲಿಂಗ್ ಮುಂದಿನ ಮೂವತ್ತು ವರ್ಷ ಮಾಡಿದ ಕೆಲಸ ಇಂದಿಗೂ ಪಿಯುಸಿ ಪಠ್ಯಪುಸ್ತಕದಲ್ಲಿದೆ. ಪರಮಾಣುಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ಳುತ್ತವೆ, ಅಣುಗಳಿಗೆ ಆಕಾರ ಹೇಗೆ ಬರುತ್ತದೆ ಎಂಬುದನ್ನು ಅವರು ಹೊಸ ಭೌತಶಾಸ್ತ್ರದ ನೆರವಿನಿಂದ ವಿವರಿಸಿದರು. ಮಕ್ಕಳು ಇಂದು ಓದುವ ಹೈಬ್ರಿಡೈಸೇಶನ್, ಎಲೆಕ್ಟ್ರೊನೆಗೆಟಿವಿಟಿ ಪಾಠಗಳ ಹಿಂದೆ ಅವರ ಕೆಲಸವಿದೆ. 1949ರಲ್ಲಿ ಕುಡಗೋಲು ಕಣ ರಕ್ತಹೀನತೆಗೆ ಹಿಮೋಗ್ಲೋಬಿನ್ ಅಣುವಿನಲ್ಲಿರುವ ವ್ಯತ್ಯಾಸವೇ ಕಾರಣ ಎಂದು ಸಹೋದ್ಯೋಗಿಗಳ ಜೊತೆ ತೋರಿಸಿದರು. 1951ರಲ್ಲಿ ಪ್ರೋಟೀನ್‌ಗಳಲ್ಲಿರುವ ಸುರುಳಿ ರಚನೆಯನ್ನು ಪ್ರಕಟಿಸಿದರು. 1954ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಅವರೂ ತಪ್ಪು ಮಾಡಿದ್ದುಂಟು. 1953ರ ಆರಂಭದಲ್ಲಿ ಡಿಎನ್‌ಎ ಮೂರು ಎಳೆಗಳ ಸುರುಳಿ ಎಂದು ಪ್ರಕಟಿಸಿದರು. ಕೆಲವೇ ವಾರಗಳಲ್ಲಿ ವಾಟ್ಸನ್ ಮತ್ತು ಕ್ರಿಕ್ ಅದು ಎರಡೆಳೆಯದು ಎಂದು ತೋರಿಸಿದರು. ಪೌಲಿಂಗ್ ಕೇಂಬ್ರಿಜ್‌ಗೆ ಹೋಗಿ ಅವರ ಮಾದರಿಯನ್ನು ನೋಡಿ, ಪುರಾವೆ ಪರಿಶೀಲಿಸಿ, ತಮ್ಮದು ತಪ್ಪೆಂದು ಒಪ್ಪಿಕೊಂಡರು.

ಇನ್ನೊಂದು ಕಡೆ, ಅಣುಬಾಂಬ್ ಪರೀಕ್ಷೆಗಳಿಂದ ಹರಡುವ ವಿಕಿರಣದ ವಿರುದ್ಧ ದನಿ ಎತ್ತಿದರು. ಇದರಲ್ಲಿ ಏವಾ ಹೆಲೆನ್ ಅವರ ಪಾತ್ರ ದೊಡ್ಡದು. 1952ರಲ್ಲಿ ಅಮೆರಿಕ ಸರ್ಕಾರ ಅವರಿಗೆ ಪಾಸ್‌ಪೋರ್ಟ್ ನಿರಾಕರಿಸಿತು. ಅವರು ಹಿಂದೆ ಸರಿಯಲಿಲ್ಲ. 1958ರಲ್ಲಿ 9 ಸಾವಿರಕ್ಕೂ ಹೆಚ್ಚು ವಿಜ್ಞಾನಿಗಳು ಸಹಿ ಹಾಕಿದ ಮನವಿಯನ್ನು ವಿಶ್ವಸಂಸ್ಥೆಗೆ ಸಲ್ಲಿಸಿದರು. 1963ರ ಅಕ್ಟೋಬರ್ 10ರಂದು ಪರೀಕ್ಷೆ ನಿಷೇಧದ ಒಪ್ಪಂದ ಜಾರಿಗೆ ಬಂತು. ಅದೇ ದಿನ ಅವರಿಗೆ 1962ರ ಸಾಲಿನ ಶಾಂತಿ ನೊಬೆಲ್ ಘೋಷಣೆಯಾಯಿತು. ಯಾರೊಂದಿಗೂ ಹಂಚಿಕೊಳ್ಳದೆ ಎರಡು ನೊಬೆಲ್ ಪಡೆದವರು ಇಂದಿಗೂ ಅವರೊಬ್ಬರೇ.

ಊರೆಲ್ಲ ಒಂದು ಹೇಳಿದಾಗ ತಾನೊಬ್ಬನೇ ಇನ್ನೊಂದು ಹೇಳಿ ಗೆದ್ದವರು ಪೌಲಿಂಗ್. ಮುಂದೆ ವೈದ್ಯರೆಲ್ಲ ವಿರೋಧಿಸಿದಾಗ ಅವರು ಹಠ ಹಿಡಿದದ್ದಕ್ಕೆ ಈ ಅನುಭವವೂ ಒಂದು ಕಾರಣವಿರಬಹುದು.

ಒಂದು ಪತ್ರ, ದಿನಕ್ಕೆ 3 ಗ್ರಾಂ

1941ರಲ್ಲಿ ಪೌಲಿಂಗ್‌ಗೆ ಗಂಭೀರವಾದ ಕಿಡ್ನಿ ಕಾಯಿಲೆ ಬಂದಿತ್ತು. ಥಾಮಸ್ ಆ್ಯಡಿಸ್ ಎಂಬ ವೈದ್ಯರು ಉಪ್ಪಿಲ್ಲದ, ಪ್ರೋಟೀನ್ ಕಡಿಮೆ ಇರುವ ಕಟ್ಟುನಿಟ್ಟಿನ ಪಥ್ಯ ಹೇಳಿದರು. ಏವಾ ಹೆಲೆನ್ ಪ್ರತಿ ತುತ್ತನ್ನೂ ತೂಗಿ ನೋಡಿ ಅಡುಗೆ ಮಾಡಿದರು. ಪೌಲಿಂಗ್ ಚೇತರಿಸಿಕೊಂಡರು. ಆಹಾರದಿಂದ ಕಾಯಿಲೆಯನ್ನು ಗೆಲ್ಲಬಹುದು ಎಂಬುದನ್ನು ಅವರು ತಮ್ಮ ಮೈಯಲ್ಲೇ ಕಂಡಿದ್ದರು.

1966ರಲ್ಲಿ, 65ರ ವಯಸ್ಸಿನಲ್ಲಿ, ನ್ಯೂಯಾರ್ಕ್‌ನಲ್ಲಿ ಮಾಡಿದ ಭಾಷಣವೊಂದರಲ್ಲಿ ವಿಜ್ಞಾನದ ಬೆಳವಣಿಗೆ ನೋಡಲು ಇನ್ನಷ್ಟು ವರ್ಷ ಬದುಕುವ ಆಸೆಯಿದೆ ಎಂದರು. ಕೇಳುತ್ತಿದ್ದವರಲ್ಲಿ ಅರ್ವಿನ್ ಸ್ಟೋನ್ ಎಂಬ ಜೀವರಸಾಯನ ತಜ್ಞರಿದ್ದರು. ದಿನಕ್ಕೆ 3 ಗ್ರಾಂ ವಿಟಮಿನ್ ಸಿ ತೆಗೆದುಕೊಂಡರೆ ಆಸೆ ಈಡೇರುತ್ತದೆ ಎಂದು ಅವರು ಪತ್ರ ಬರೆದರು. ನಮ್ಮ ದೇಶದಲ್ಲಿ ಇಂದು ವಯಸ್ಕ ಗಂಡಸರಿಗೆ ಹೇಳಿರುವ ಪ್ರಮಾಣ ದಿನಕ್ಕೆ 80 ಮಿಲಿಗ್ರಾಂ. ಅಂದರೆ 3 ಗ್ರಾಂ ಅದರ 37 ಪಟ್ಟಿಗೂ ಹೆಚ್ಚು.

ದಂಪತಿ ಮಾತ್ರೆ ಶುರುಮಾಡಿದರು. ಮೈ ಹಗುರವಾದಂತೆ ಅನಿಸಿತು, ವರ್ಷಗಳಿಂದ ಕಾಡುತ್ತಿದ್ದ ನೆಗಡಿ ಕಡಿಮೆಯಾದಂತೆ ಕಂಡಿತು. ಇದಕ್ಕೆ ಒಂದು ತರ್ಕವೂ ಸಿಕ್ಕಿತು. ಮೇಕೆಯಂಥ ಬಹುತೇಕ ಪ್ರಾಣಿಗಳು ತಮಗೆ ಬೇಕಾದ ವಿಟಮಿನ್ ಸಿಯನ್ನು ಮೈಯೊಳಗೇ ತಯಾರಿಸಿಕೊಳ್ಳುತ್ತವೆ, ಅದೂ ದಿನಕ್ಕೆ ಗ್ರಾಂಗಟ್ಟಲೆ. ಮನುಷ್ಯರು, ವಾನರರು, ಗಿನಿ ಹಂದಿಗಳು ಆ ಶಕ್ತಿ ಕಳೆದುಕೊಂಡಿವೆ. ಹಾಗಾದರೆ ನಮಗೂ ಗ್ರಾಂಗಟ್ಟಲೆ ಬೇಕಲ್ಲವೇ ಎಂಬುದು ಅವರ ವಾದ. ಕೇಳಲು ಸರಿ ಎನಿಸುತ್ತದೆ. ಆದರೆ ಮೇಕೆಗೆ ಬೇಕಾದಷ್ಟೇ ನಮಗೂ ಬೇಕು ಎನ್ನಲು ಪುರಾವೆ ಬೇಕು.

ಪುಸ್ತಕ ಬಂತು, ಮಾತ್ರೆ ಖಾಲಿಯಾಯಿತು

1970ರಲ್ಲಿ ವಿಟಮಿನ್ ಸಿ ಮತ್ತು ನೆಗಡಿಯ ಬಗ್ಗೆ ಪೌಲಿಂಗ್ ಸಾಮಾನ್ಯರಿಗಾಗಿ ಪುಸ್ತಕ ಬರೆದರು. ಎರಡು ನೊಬೆಲ್ ಪಡೆದವರೇ ಹೇಳಿದ ಮೇಲೆ ಇನ್ನೇನು? ಜನ ಔಷಧಿ ಅಂಗಡಿಗಳಿಗೆ ಮುಗಿಬಿದ್ದರು.

ವೈದ್ಯ ಸಂಶೋಧಕರು ಅವರ ಮಾತನ್ನು ತಳ್ಳಿಹಾಕದೆ ಪರೀಕ್ಷೆಗೆ ಇಳಿದರು. ಅದರಲ್ಲಿ 1975ರಲ್ಲಿ ಪ್ರಕಟವಾದ ಒಂದು ಅಧ್ಯಯನ ಸ್ವಾರಸ್ಯಕರ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಿಬ್ಬಂದಿಗೆ ಕ್ಯಾಪ್ಸೂಲ್ ಕೊಟ್ಟರು. ಕೆಲವದರಲ್ಲಿ ವಿಟಮಿನ್ ಸಿ, ಕೆಲವದರಲ್ಲಿ ಬರೀ ಹಾಲಿನ ಸಕ್ಕರೆ. ಯಾರಿಗೆ ಯಾವುದು ಎಂದು ಹೇಳಿರಲಿಲ್ಲ. ಆದರೆ ಕೆಲವರು ಕುತೂಹಲ ತಡೆಯಲಾರದೆ ಕ್ಯಾಪ್ಸೂಲ್ ಬಿಚ್ಚಿ ನೆಕ್ಕಿ ನೋಡಿದರು! ಹುಳಿಯಿದ್ದರೆ ವಿಟಮಿನ್, ಸಿಹಿಯಿದ್ದರೆ ಡಮ್ಮಿ. ಹೀಗೆ ತಮ್ಮದು ಯಾವುದೆಂದು ಊಹಿಸಿದವರಲ್ಲಿ ವಿಟಮಿನ್ ಪಡೆದವರ ನೆಗಡಿ ಬೇಗ ಮುಗಿದಂತೆ ಕಂಡಿತು. ಗೊತ್ತಿಲ್ಲದೆ ನುಂಗಿದವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಗುಣವಾಗುತ್ತಿದೆ ಎಂಬ ನಂಬಿಕೆಯೇ ಎಷ್ಟು ಕೆಲಸ ಮಾಡುತ್ತದೆ ನೋಡಿ. ಪೌಲಿಂಗ್ ದಂಪತಿಯ ಅನುಭವವನ್ನೂ ನಾವು ಇದೇ ಎಚ್ಚರದಿಂದ ನೋಡಬೇಕು.

ಮುಂದೆ ಇಂಥ ಹತ್ತಾರು ಪರೀಕ್ಷೆಗಳನ್ನು ಒಟ್ಟುಗೂಡಿಸಿ 2013ರಲ್ಲಿ ಕಾಕ್ರೇನ್ ಸಂಸ್ಥೆ ಪ್ರಕಟಿಸಿದ ವಿಮರ್ಶೆಯ ಸಾರ ಇಷ್ಟು: ದಿನಾ ವಿಟಮಿನ್ ಸಿ ನುಂಗಿದರೂ ಸಾಮಾನ್ಯ ಜನರಿಗೆ ನೆಗಡಿ ಬರುವುದು ತಪ್ಪುವುದಿಲ್ಲ. ಬಂದ ನೆಗಡಿಯ ಅವಧಿ ದೊಡ್ಡವರಲ್ಲಿ ಸುಮಾರು ಶೇ. 8ರಷ್ಟು, ಮಕ್ಕಳಲ್ಲಿ ಶೇ. 14ರಷ್ಟು ಕಡಿಮೆಯಾಗುತ್ತದೆ. ಏಳು ದಿನದ ನೆಗಡಿಯಲ್ಲಿ ದೊಡ್ಡವರಿಗೆ ಉಳಿಯುವುದು ಅರ್ಧ ದಿನ ಮಾತ್ರ, ಅದಕ್ಕೆ ವರ್ಷವಿಡೀ ಮಾತ್ರೆ ನುಂಗಬೇಕು. ನೆಗಡಿ ಶುರುವಾದ ಮೇಲೆ ನುಂಗಿದರೆ ಖಚಿತ ಲಾಭ ಕಂಡುಬಂದಿಲ್ಲ. ಮ್ಯಾರಥಾನ್ ಓಟಗಾರರು, ಕೊರೆಯುವ ಚಳಿಯಲ್ಲಿ ತರಬೇತಿ ಪಡೆಯುವ ಸೈನಿಕರಂಥವರಲ್ಲಿ ಮಾತ್ರ ನೆಗಡಿ ಬರುವುದು ಅರ್ಧದಷ್ಟು ತಗ್ಗಿತ್ತು.

ನೆಗಡಿಯಿಂದ ಕ್ಯಾನ್ಸರ್‌ಗೆ

ನೆಗಡಿಯ ವಿಷಯ ಅಷ್ಟಕ್ಕೇ ಮುಗಿದಿದ್ದರೆ ಹೆಚ್ಚೇನೂ ನಷ್ಟವಿರಲಿಲ್ಲ. ಆದರೆ ಪೌಲಿಂಗ್ ಕ್ಯಾನ್ಸರ್‌ಗೂ ವಿಟಮಿನ್ ಸಿ ಎಂದರು. ಸ್ಕಾಟ್ಲೆಂಡ್‌ನ ಶಸ್ತ್ರವೈದ್ಯ ಇವಾನ್ ಕ್ಯಾಮರಾನ್ ಜೊತೆ ಸೇರಿ 1976ರಲ್ಲಿ ಒಂದು ವರದಿ ಪ್ರಕಟಿಸಿದರು. ಕೊನೆಯ ಹಂತದ 100 ಕ್ಯಾನ್ಸರ್ ರೋಗಿಗಳಿಗೆ ವಿಟಮಿನ್ ಸಿ ಕೊಟ್ಟು, ಆಸ್ಪತ್ರೆಯ ಕಡತಗಳಿಂದ ಆರಿಸಿದ 1000 ಹಳೆಯ ರೋಗಿಗಳೊಂದಿಗೆ ಹೋಲಿಸಿದ್ದರು. ವಿಟಮಿನ್ ಪಡೆದವರು ಸರಾಸರಿ ನಾಲ್ಕು ಪಟ್ಟು ಹೆಚ್ಚು ಕಾಲ ಬದುಕಿದರು ಎಂದು ವರದಿ ಹೇಳಿತು.

ದೋಷವಿದ್ದದ್ದು ಹೋಲಿಕೆಯಲ್ಲೇ. ಒಬ್ಬ ರೋಗಿಗೆ ಇನ್ನು ಚಿಕಿತ್ಸೆ ಇಲ್ಲ ಎಂದು ವೈದ್ಯರು ಸ್ವಲ್ಪ ಬೇಗ ಹೇಳಿದರೆ, ಅಲ್ಲಿಂದ ಎಣಿಸಿದ ದಿನಗಳು ತಾನಾಗಿಯೇ ಹೆಚ್ಚಾಗುತ್ತವೆ. ಎರಡೂ ಗುಂಪು ಒಂದೇ ಸ್ಥಿತಿಯಲ್ಲಿದ್ದವು ಎನ್ನಲು ಖಾತರಿ ಇರಲಿಲ್ಲ. ಆದ್ದರಿಂದ ಮೇಯೊ ಕ್ಲಿನಿಕ್‌ನ ವೈದ್ಯರು ಚೀಟಿ ಎತ್ತಿದಂತೆ ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ದಿನಕ್ಕೆ 10 ಗ್ರಾಂ ವಿಟಮಿನ್ ಸಿ, ಇನ್ನೊಂದಕ್ಕೆ ಡಮ್ಮಿ ಕೊಟ್ಟು ನೋಡಿದರು. 1979ರಲ್ಲಿ ಬಂದ ಫಲಿತಾಂಶದಲ್ಲಿ ಲಾಭವಿರಲಿಲ್ಲ. ಈ ರೋಗಿಗಳಲ್ಲಿ ಹೆಚ್ಚಿನವರು ಮೊದಲೇ ಕಿಮೋಥೆರಪಿ ಪಡೆದಿದ್ದರು, ಅದರಿಂದ ಹೀಗಾಯಿತು ಎಂದು ಪೌಲಿಂಗ್ ಆಕ್ಷೇಪಿಸಿದರು. ಕಿಮೋಥೆರಪಿ ಪಡೆಯದ, ಕರುಳಿನ ಕ್ಯಾನ್ಸರ್ ಇದ್ದ 100 ಜನರ ಮೇಲೆ ಮತ್ತೆ ಪರೀಕ್ಷೆ ನಡೆಯಿತು. 1985ರಲ್ಲಿ ಬಂದ ಉತ್ತರ ಮತ್ತದೇ, ಲಾಭವಿಲ್ಲ.

ಅವರ ಒಂದು ಆಕ್ಷೇಪದಲ್ಲಿ ಹುರುಳಿತ್ತು. ಎರಡನೇ ಪರೀಕ್ಷೆಯಲ್ಲಿ ಕ್ಯಾನ್ಸರ್ ಬೆಳೆದ ಕೂಡಲೇ ವಿಟಮಿನ್ ನಿಲ್ಲಿಸಿದ್ದರು. ಅಲ್ಲದೆ ಕ್ಯಾಮರಾನ್ ಮೊದಲು ರಕ್ತನಾಳದ ಮೂಲಕ ಕೊಡುತ್ತಿದ್ದರು, ಮೇಯೊದಲ್ಲಿ ಕೊಟ್ಟದ್ದು ಬಾಯಿಯ ಮೂಲಕ. ರಕ್ತನಾಳಕ್ಕೆ ಕೊಟ್ಟರೆ ರಕ್ತದಲ್ಲಿ ವಿಟಮಿನ್ ಮಟ್ಟ ಬಹಳ ಮೇಲೇರುತ್ತದೆ ಎಂದು ಮುಂದೆ ಗೊತ್ತಾಯಿತು. ಆ ಬಗ್ಗೆ ಇಂದಿಗೂ ಸಂಶೋಧನೆ ನಡೆದಿದೆ, ಆದರೆ ಅದು ಕ್ಯಾನ್ಸರ್‌ಗೆ ಸಾಬೀತಾದ ಚಿಕಿತ್ಸೆಯಲ್ಲ. ಮಾತ್ರೆಯಂತೂ ಅಲ್ಲವೇ ಅಲ್ಲ.

ಮನೆಯೊಳಗಿನ ನೋವು

ಈ ಜಗಳ ನಡೆಯುತ್ತಿದ್ದಾಗಲೇ, 1976ರಲ್ಲಿ, ಏವಾ ಹೆಲೆನ್ ಅವರಿಗೆ ಹೊಟ್ಟೆಯ ಕ್ಯಾನ್ಸರ್ ಇರುವುದು ಗೊತ್ತಾಯಿತು. ಶಸ್ತ್ರಚಿಕಿತ್ಸೆ ಆಯಿತು. ನಂತರ ಕಿಮೋಥೆರಪಿ ಬೇಡವೆಂದು ದಿನಕ್ಕೆ 10 ಗ್ರಾಂ ವಿಟಮಿನ್ ಸಿ ತೆಗೆದುಕೊಂಡರು. 1981ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ವಿಟಮಿನ್ ತೆಗೆದುಕೊಳ್ಳದಿದ್ದರೆ ಅವರು ಬೇಗ ಹೋಗುತ್ತಿದ್ದರೋ, ಬೇರೆ ಚಿಕಿತ್ಸೆ ಪಡೆದಿದ್ದರೆ ಇನ್ನಷ್ಟು ದಿನ ಇರುತ್ತಿದ್ದರೋ, ಒಬ್ಬರ ಉದಾಹರಣೆಯಿಂದ ಯಾರೂ ಹೇಳಲಾರರು. ಸುಮಾರು 58 ವರ್ಷ ಜೊತೆಗಿದ್ದವರನ್ನು ಕಳೆದುಕೊಂಡ ಮೇಲೂ ಪೌಲಿಂಗ್ ನಂಬಿಕೆ ಬಿಡಲಿಲ್ಲ. ಡಿಎನ್‌ಎ ವಿಷಯದಲ್ಲಿ ಕೆಲವೇ ವಾರಗಳಲ್ಲಿ ತಪ್ಪು ಒಪ್ಪಿಕೊಂಡಿದ್ದ ವ್ಯಕ್ತಿ, ಈ ವಿಷಯದಲ್ಲಿ ಕೊನೆಯವರೆಗೂ ಒಪ್ಪಲಿಲ್ಲ.

1994ರ ಆಗಸ್ಟ್ 19ರಂದು ಕ್ಯಾಲಿಫೋರ್ನಿಯಾದ ಬಿಗ್ ಸರ್ ಬಳಿಯ ತಮ್ಮ ತೋಟದ ಮನೆಯಲ್ಲಿ ಪೌಲಿಂಗ್ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ನಿಧನರಾದರು. ಆಗ ಅವರಿಗೆ 93 ವರ್ಷ. ಅಷ್ಟು ವರ್ಷ ಬದುಕಿದ್ದು ವಿಟಮಿನ್‌ನಿಂದಲೇ ಎಂದು ಸಂದೇಶಗಳು ಹೇಳುತ್ತವೆ. ಬೀಡಿ ಸೇದುತ್ತಲೇ 90 ದಾಟಿದ ಅಜ್ಜಂದಿರು ನಮ್ಮ ಊರುಗಳಲ್ಲೂ ಇದ್ದಾರೆ. ಅದಕ್ಕೆಂದು ಬೀಡಿ ಆಯಸ್ಸು ಹೆಚ್ಚಿಸುತ್ತದೆ ಎನ್ನುತ್ತೇವೆಯೇ?

ಅವರು ಹೋದ ಮೇಲೆ ಗೊತ್ತಾದದ್ದು

ಅವರು ತೀರಿಕೊಂಡ ವರ್ಷವೇ ಫಿನ್ಲೆಂಡ್‌ನಿಂದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಬಂತು. ಧೂಮಪಾನ ಮಾಡುವ 29,133 ಗಂಡಸರಲ್ಲಿ, ದೇಹದಲ್ಲಿ ವಿಟಮಿನ್ ಎ ಆಗುವ ಬೀಟಾ ಕ್ಯಾರೊಟಿನ್ ಮಾತ್ರೆ ಪಡೆದವರಿಗೆ ಶ್ವಾಸಕೋಶದ ಕ್ಯಾನ್ಸರ್ ಶೇ. 18ರಷ್ಟು ಹೆಚ್ಚಾಗಿತ್ತು. ಕಡಿಮೆಯಾದೀತು ಎಂದು ಆಸೆಯಿಂದ ಮಾಡಿದ ಪರೀಕ್ಷೆ ಅದು. ಅಮೆರಿಕದಲ್ಲಿ 35 ಸಾವಿರಕ್ಕೂ ಹೆಚ್ಚು ಗಂಡಸರ ಇನ್ನೊಂದು ಅಧ್ಯಯನದಲ್ಲಿ, ವಿಟಮಿನ್ ಇ ಮಾತ್ರೆ ಪಡೆದವರಿಗೆ ಪ್ರಾಸ್ಟೇಟ್ ಕ್ಯಾನ್ಸರ್ ಶೇ. 17ರಷ್ಟು ಹೆಚ್ಚಾಗಿದ್ದು 2011ರಲ್ಲಿ ಪ್ರಕಟವಾಯಿತು. 2024ರಲ್ಲಿ ಬಂದ ವಿಶ್ಲೇಷಣೆ 3,90,124 ಆರೋಗ್ಯವಂತ ಅಮೆರಿಕನ್ನರನ್ನು 20 ವರ್ಷಕ್ಕೂ ಹೆಚ್ಚು ಕಾಲ ಗಮನಿಸಿತ್ತು. ದಿನಾ ಮಲ್ಟಿವಿಟಮಿನ್ ನುಂಗಿದವರು ನುಂಗದವರಿಗಿಂತ ಹೆಚ್ಚು ಬದುಕಲಿಲ್ಲ.

ಹೆಚ್ಚು ನುಂಗಿದ್ದು ಎಲ್ಲಿ ಹೋಗುತ್ತದೆ? ವಿಟಮಿನ್ ಸಿ ನೀರಿನಲ್ಲಿ ಕರಗುತ್ತದೆ. ದಿನಕ್ಕೆ 200ರಿಂದ 400 ಮಿಲಿಗ್ರಾಂ ಹೊತ್ತಿಗೆ ರಕ್ತದಲ್ಲಿ ಅದರ ಮಟ್ಟ ಬಹುತೇಕ ತುಂಬಿಬಿಡುತ್ತದೆ. ಅದಕ್ಕಿಂತ ಹೆಚ್ಚಾದದ್ದನ್ನು ಕರುಳು ಪೂರ್ತಿ ಹೀರುವುದಿಲ್ಲ, ಹೀರಿದ್ದನ್ನು ಕಿಡ್ನಿ ಮೂತ್ರಕ್ಕೆ ಬಿಡುತ್ತದೆ. ಕಾಸು ಕೊಟ್ಟು ಕೊಂಡದ್ದು ಬಚ್ಚಲಿಗೆ. ಅತಿಯಾದರೆ ಭೇದಿ ಆಗಬಹುದು, ಕೆಲವರಲ್ಲಿ ಕಿಡ್ನಿ ಕಲ್ಲಿನ ಅಪಾಯ ಹೆಚ್ಚುತ್ತದೆ. ಎ, ಡಿ, ಇ, ಕೆ ವಿಟಮಿನ್‌ಗಳು ಕೊಬ್ಬಿನಲ್ಲಿ ಕರಗುವಂಥವು, ಅವು ಅಷ್ಟು ಸುಲಭವಾಗಿ ಹೊರಹೋಗುವುದಿಲ್ಲ. ವಾರಕ್ಕೊಂದು ಎಂದು ವೈದ್ಯರು ಬರೆದುಕೊಟ್ಟ 60,000 ಯೂನಿಟ್‌ನ ವಿಟಮಿನ್ ಡಿ ಮಾತ್ರೆಯನ್ನು ದಿನಾ ನುಂಗಿದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಕಿಡ್ನಿಗೇ ಹಾನಿಯಾಗಬಹುದು.

ಹಾಗಾದರೆ ಮಾತ್ರೆ ಯಾರಿಗೂ ಬೇಡವೇ?

ಬೇಕು, ಕೊರತೆ ಇರುವವರಿಗೆ ಖಂಡಿತ ಬೇಕು. ಪೌಲಿಂಗ್ ತಾಯಿಯ ಕಥೆಯನ್ನು ಈಗ ನೆನಪಿಸಿಕೊಳ್ಳಿ.

ಗರ್ಭಿಣಿಯಾಗಲು ಯೋಚಿಸುತ್ತಿರುವವರಿಗೆ, ಗರ್ಭದ ಮೊದಲ ತಿಂಗಳುಗಳಲ್ಲಿ ಫೋಲಿಕ್ ಆಮ್ಲ ಬೇಕು. ಮಗುವಿನ ಬೆನ್ನುಹುರಿಯ ದೋಷಗಳನ್ನು ಅದು ಬಹುಮಟ್ಟಿಗೆ ತಡೆಯುತ್ತದೆ. ಗರ್ಭಿಣಿಯರಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ಕಬ್ಬಿಣ ಮತ್ತು ಫೋಲಿಕ್ ಆಮ್ಲದ ಮಾತ್ರೆಯನ್ನು, ಚಿಕ್ಕ ಮಕ್ಕಳಿಗೆ ಕೊಡುವ ವಿಟಮಿನ್ ಎ ದ್ರಾವಣವನ್ನು ಈ ಲೇಖನ ಓದಿ ನಿಲ್ಲಿಸಬೇಡಿ.

ಬಿ12 ಸಿಗುವುದು ಹೆಚ್ಚಾಗಿ ಮಾಂಸ, ಮೀನು, ಮೊಟ್ಟೆ, ಹಾಲಿನಿಂದ. ಆದ್ದರಿಂದ ಹಾಲು ಮೊಸರನ್ನೂ ಹೆಚ್ಚು ಬಳಸದ ಸಸ್ಯಾಹಾರಿಗಳು, ವಯಸ್ಸಾದವರು, ಸಕ್ಕರೆ ಕಾಯಿಲೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿರುವವರು ಎಚ್ಚರವಾಗಿರಬೇಕು. ಮನೆಯಲ್ಲಿ ಅಜ್ಜಿಗೋ ಅಪ್ಪನಿಗೋ ಕಾಲು ಜೋಮು ಹಿಡಿಯುವುದು, ನಡೆಯುವಾಗ ತೂರಾಡುವುದು, ವಿಪರೀತ ಸುಸ್ತು, ಮರೆವು ಕಾಣಿಸುತ್ತಿದ್ದರೆ ವಯಸ್ಸಾಯಿತು ಎಂದು ಸುಮ್ಮನಾಗಬೇಡಿ. ವೈದ್ಯರಿಗೆ ತೋರಿಸಿ, ಬಿ12 ಪರೀಕ್ಷೆ ಬೇಕೇ ಎಂದು ಕೇಳಿ. ತಡಮಾಡಿದರೆ ನರಕ್ಕಾದ ಹಾನಿ ಪೂರ್ತಿ ಸರಿಹೋಗದೆ ಉಳಿಯಬಹುದು.

ಉಳಿದವರಿಗೆ ವಿಟಮಿನ್ ಸಿ ಬೇಕಿದ್ದರೆ ಸಂತೆಯೇ ಸಾಕು. ಒಂದು ಸೀಬೆಹಣ್ಣಿನಲ್ಲಿ ಅಥವಾ ಎರಡು ಬೆಟ್ಟದ ನೆಲ್ಲಿಕಾಯಿಯಲ್ಲಿ ದಿನಕ್ಕೆ ಬೇಕಾದದ್ದಕ್ಕಿಂತ ಹೆಚ್ಚೇ ಇರುತ್ತದೆ. ನುಗ್ಗೆಸೊಪ್ಪು, ದೊಣ್ಣೆಮೆಣಸಿನಕಾಯಿಯಲ್ಲೂ ಧಾರಾಳವಾಗಿದೆ. ಬಿಸಿಗೆ ವಿಟಮಿನ್ ಸಿ ಹಾಳಾಗುವುದರಿಂದ ಚಿತ್ರಾನ್ನಕ್ಕೆ, ಸಾರಿಗೆ ನಿಂಬೆರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡುವ ನಮ್ಮ ರೂಢಿ ಒಳ್ಳೆಯದೇ.

ನಮ್ಮ ತೀರ್ಮಾನ

ಎರಡು ನೊಬೆಲ್ ಪಡೆದ ವಿಜ್ಞಾನಿ ಹೇಳಿದ್ದರು ಎಂಬುದು ಸತ್ಯ. ಅವರು ಹೇಳಿದ್ದರಿಂದಲೇ ಅದು ಸತ್ಯ ಎಂಬುದು ಸುಳ್ಳು. ದಿನಾ ವಿಟಮಿನ್ ಸಿ ಮಾತ್ರೆಯಿಂದ ಸಾಮಾನ್ಯರಿಗೆ ನೆಗಡಿ ಬರುವುದು ತಪ್ಪುವುದಿಲ್ಲ, ಕ್ಯಾನ್ಸರ್ ವಾಸಿಯಾಗುವುದಿಲ್ಲ. ಚೆನ್ನಾಗಿ ಊಟ ಮಾಡುವ, ಯಾವ ಕೊರತೆಯೂ ಇಲ್ಲದ ವ್ಯಕ್ತಿಗೆ ದಿನನಿತ್ಯದ ವಿಟಮಿನ್ ಮಾತ್ರೆ ಅಗತ್ಯವಿಲ್ಲ. ಕೊರತೆ ಇದ್ದವರಿಗೆ ವೈದ್ಯರು ಹೇಳಿದ ವಿಟಮಿನ್, ಅವರು ಹೇಳಿದ ಪ್ರಮಾಣದಲ್ಲಿ, ಅವರು ಹೇಳಿದಷ್ಟು ದಿನ ಬೇಕು.

ಕ್ಯಾನ್ಸರ್ ಇರುವ ಯಾರಾದರೂ ಇಂಥ ಸಂದೇಶ ನಂಬಿ ಚಿಕಿತ್ಸೆ ಬಿಡುವ ಯೋಚನೆಯಲ್ಲಿದ್ದರೆ, ಅವರ ಜೊತೆ ಕುಳಿತು ಮಾತಾಡಿ. ಆ ಸಂದೇಶ ಮುಂದಿನ ಸಲ ನಿಮ್ಮ ಗುಂಪಿಗೆ ಬಂದಾಗ ಪೌಲಿಂಗ್ ಅವರ ಪೂರ್ತಿ ಕಥೆಯನ್ನೂ ಜೊತೆಗೆ ಕಳಿಸಿ.